ಮಳೆನೀರಿನ ಕಾವಲು

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕ್ರಿ.ಶ. 1369ರ ಒಂದು ಶಾಸನವಿದೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ, ಉದಯಗಿರಿ ಸೀಮೆಯನ್ನು ಆಳುತ್ತಿದ್ದ ಭಾಸ್ಕರ ಭವದೂರನು ಅಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಪ್ರತಿದಿನ ಸಾವಿರ ಆಳುಗಳೂ ಕಲ್ಲು ಸಾಗಿಸುವ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆಲಸವನ್ನು ಪೂರೈಸಿದವೆಂದು ಶಾಸನ ಹೇಳುತ್ತದೆ. ನಮ್ಮ ಸೀಮೆಯ ಪಾಪಘ್ನಿ ಹರಿದುಹೋಗಿ ಪೆನ್ನೆಯನ್ನು ಸೇರುವುದು ಅದೇ ಕಡಪ ಜಿಲ್ಲೆಯಲ್ಲಿ. ಆದುದರಿಂದ ಶ್ರೀನಿವಾಸಪುರದವನಾದ ನಾನು ಆ ಶಾಸನವನ್ನು ಎಂದೂ ಪರರದೆಂದು ಎಣಿಸಿದವನಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅದು ಎಣಿಸುತ್ತದೆ. ಬಳಿಕ ಆರು ದೋಷಗಳನ್ನು ಹೇಳುತ್ತದೆ: ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯಂಗಳದ ನಡುವೆ ದಿಬ್ಬವಿರುವುದು, ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು.

ಮೂವತ್ತು ವರ್ಷಗಳ ಕಾಲ ಎಂ.ಎ. ತರಗತಿಗಳಲ್ಲಿ ಶಾಸನಗಳ ಪಾಠ ಹೇಳುವಾಗ ನಾನು ಇದನ್ನು ಪ್ರಸ್ತಾಪಿಸುತ್ತಿದ್ದೆ. ಉಳಿದ ಐದು ದೋಷಗಳು ನೆಲಕ್ಕೂ ನೀರಿಗೂ ಸಂಬಂಧಪಟ್ಟವು. ಮೂರನೆಯದು ಮಾತ್ರ ಅರಸರಿಗೆ ಸಂಬಂಧಪಟ್ಟದ್ದು. ಅದು ಹೇಗೆ ದೋಷವಾಯಿತು ಎಂದು ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಿದ್ದ. ಯುದ್ಧ ಬಂದರೆ ಶತ್ರುಗಳು ಏರಿಯನ್ನು ಕಡಿದುಹಾಕುತ್ತಾರೆ, ಅದಕ್ಕೆ, ಎಂದು ನಾನು ಉತ್ತರ ಕೊಡುತ್ತಿದ್ದೆ. ತರಗತಿಗೆ ಅಷ್ಟು ಸಾಕಾಗುತ್ತಿತ್ತು. ಅದು ಅರ್ಧ ಉತ್ತರವೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, 2021ರ ನವೆಂಬರಿನ ಮಳೆಯಲ್ಲಿ, ನನ್ನ ಮನೆಯ ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ. ಆ ಕಥೆಗೆ ಆಮೇಲೆ ಬರುತ್ತೇನೆ.

ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿಗಳು, ಪಾಪಘ್ನಿ ಎಲ್ಲವೂ ಮಳೆ ಬಂದಾಗ ನದಿಗಳು, ಉಳಿದಂತೆ ಮರಳಿನ ಹಾದಿಗಳು. ಆದಕಾರಣ ಇಲ್ಲಿಯ ಜನ ಮಳೆಯನ್ನೇ ಹಿಡಿದು ನಿಲ್ಲಿಸಬೇಕಾಯಿತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ 2007ಕ್ಕೆ ಮುಂಚಿನ ಹಳೆಯ ಕೋಲಾರ ಜಿಲ್ಲೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ಕೆರೆಗಳಿದ್ದುವೆಂಬುದು ವಾಡಿಕೆಯ ಲೆಕ್ಕ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲೇ, ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದಕ್ಕೇ ಜಾಣ್ಮೆ ಬೇಕು ಎಂಬರ್ಥದ ಮಾತು ಬರೆದರು.

ಈ ಕೆರೆಗಳು ಬಿಡಿಬಿಡಿಯಾದವುಗಳಲ್ಲ. ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಹೆಣೆದುಕೊಂಡವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಆ ಹಾದಿಯೇ ರಾಜಕಾಲುವೆ. ನಮ್ಮ ತಾಲ್ಲೂಕಿನಲ್ಲಿ ಮನೆಯ ಮಾತು ಬಹುಮಟ್ಟಿಗೆ ತೆಲುಗು, ಶಾಲೆಯ ಮಾತು ಕನ್ನಡ. ಆದ್ದರಿಂದ ಕೋಡಿಗೆ ನಾವು ಮನೆಯಲ್ಲಿ ‘ಅಲುಗು’ ಎನ್ನುತ್ತಿದ್ದೆವು, ಪರೀಕ್ಷೆಯಲ್ಲಿ ‘ಕೋಡಿ’ ಎಂದು ಬರೆಯುತ್ತಿದ್ದೆವು. ಯಾವ ಹೆಸರಿನಿಂದ ಕರೆದರೂ ಕೆರೆಯ ಪ್ರಾಣವಿರುವುದು ಅಲ್ಲಿ. ಹೆಚ್ಚಿನ ನೀರು ಸಲೀಸಾಗಿ ಹೊರಬೀಳಲು ದಾರಿಯಿಲ್ಲದ ಕೆರೆ ಏರಿಯ ಮೇಲೆ ಹರಿಯುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಿತೆಂದರೆ ಅದು ಉಳಿಯುವುದು ಕೆಲವೇ ಗಳಿಗೆ. ಒಂದು ಒಡೆದರೆ ಅದರ ನೀರೆಲ್ಲ ಒಮ್ಮೆಲೇ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ, ಅದೂ ಒಡೆಯುತ್ತದೆ, ಹೀಗೆ ಸರಪಣಿ ಕೊನೆಯವರೆಗೆ ಕಳಚಿಕೊಳ್ಳುತ್ತದೆ.

ಕೆರೆ ಕಟ್ಟಿಸಿದವರ ಕೀರ್ತಿ ನಮ್ಮ ಶಾಸನಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನಲವತ್ತು ವರ್ಷ ಸ್ಥಾನವನ್ನು ಆಳಿ ಕ್ರಿ.ಶ. 961ರಲ್ಲಿ ತೀರಿಕೊಂಡ ತ್ರಿಭುವನಕರ್ತದೇವನೆಂಬ ಯತಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ನನಗೆ ಮಾತ್ರ ಕಟ್ಟಿಸಿದವರಿಗಿಂತ ಉಳಿಸಿದವರಲ್ಲಿ ಆಸಕ್ತಿ ಹೆಚ್ಚು. ಪಾಲಾರ್ ನದಿಗೆ ಅಡ್ಡಲಾಗಿರುವ ಬೇತಮಂಗಲದ ಕೆರೆ, ಆಗಿನ ವಿಜಯಾದಿತ್ಯಮಂಗಲದ ಕೆರೆ, ಒಡೆದುಹೋಗಿದ್ದಾಗ ಹತ್ತನೆಯ ಶತಮಾನದಲ್ಲಿ ನೊಳಂಬರ ಆಳಿಕೆಯಲ್ಲಿ ಅದನ್ನು ಮತ್ತೆ ಕಟ್ಟಿದರು. ಕೆರೆಯ ಜೀರ್ಣೋದ್ಧಾರಕ್ಕೆಂದೇ ಬೆಳೆಯಲ್ಲಿ ಒಂದು ಪಾಲನ್ನು ಎತ್ತಿಡುವ ‘ಬಿತ್ತುವಟ್ಟ’, ಕೆರೆ ಕಟ್ಟಿದವನಿಗೋ ಕಾಪಾಡುವವನಿಗೋ ಬಿಡುವ ‘ಕಟ್ಟುಕೊಡಗೆ’ ಎಂಬ ಭೂಮಿ, ಹೂಳು ಹೊರುವ ಬಂಡಿಗೆಂದು ಬಿಟ್ಟ ಹೊಲ, ಇವೆಲ್ಲ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು. ಓದುವವನಿಗೆ ಬೇಸರ ಬರುವಷ್ಟು ಸಲ ಬರುತ್ತವೆ. ನಾನೂ ತರಗತಿಯಲ್ಲಿ ಅವನ್ನು ಬೇಗ ಬೇಗ ದಾಟಿಬಿಡುತ್ತಿದ್ದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರು ತುಂಬಿದ ಕಟ್ಟೆಯನ್ನು ಒಡೆದವನನ್ನು ಅಲ್ಲಿಯೇ ಮುಳುಗಿಸಬೇಕೆಂಬ ದಂಡನೆಯಿದೆ. ವಿದ್ಯಾರ್ಥಿಗಳಿಗೆ ರುಚಿಸುತ್ತಿದ್ದದ್ದು ಅದು. ಒಡೆದವನನ್ನು ಹಿಡಿಯುವ ವಿಚಾರ ಸ್ವಾರಸ್ಯವಾದದ್ದು. ಒಡೆಯದಂತೆ ನೋಡಿಕೊಳ್ಳುವ ವಿಚಾರದಲ್ಲಿ ಕಥೆಯೇ ಇಲ್ಲ.

ನೋಡಿಕೊಳ್ಳುತ್ತಿದ್ದವನು ನೀರಗಂಟಿ. ನನ್ನ ಬಾಲ್ಯದಲ್ಲಿ, ಎಂದರೆ 1960ರ ದಶಕದ ಕೊನೆಯಲ್ಲಿ, ನಮ್ಮ ಹಳ್ಳಿಯ ನೀರಗಂಟಿಯನ್ನು ನಾನು ಕಂಡಿದ್ದೇನೆ. ರಾತ್ರಿ ಜೋರು ಮಳೆ ಹೊಯ್ದು ನಿಂತಿತೆಂದರೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಗುದ್ದಲಿ ಹಿಡಿದು ಆತ ಕೆರೆಯ ಕಡೆಗೆ ಹೊರಡುತ್ತಿದ್ದ. ಒಮ್ಮೆ ಹಟಮಾಡಿ ಅವನ ಹಿಂದೆ ಹೋಗಿದ್ದೆ. ಮೊದಲು ಆತ ಕಾಲುವೆಯ ಉದ್ದಕ್ಕೂ ನಡೆದು, ಅಡ್ಡ ಬಿದ್ದ ಕೊಂಬೆರೆಂಬೆಗಳನ್ನು ಎಳೆದುಹಾಕಿದ. ಆಮೇಲೆ ಕೋಡಿ. ಕೊನೆಗೆ ಏರಿಯ ಹಿಂಬದಿಯಲ್ಲಿ, ಬುಡದಲ್ಲಿ, ಬರಿಗಾಲಿನಲ್ಲಿ ಮೆಲ್ಲನೆ ನಡೆದ. ಏಡಿಯ ಬಿಲ, ಹೆಗ್ಗಣದ ಬಿಲ ಎಲ್ಲಿದೆಯೆಂದು ಅವನ ಕಾಲೇ ಹುಡುಕುತ್ತಿತ್ತು. ಒಂದು ಕಡೆ ನೀರು ಜಿನುಗುತ್ತಿತ್ತು. ಬೊಗಸೆಯಲ್ಲಿ ಹಿಡಿದು ಲಾಟೀನಿನ ಬೆಳಕಿಗೆ ತಂದು ನೋಡಿದ. ತಿಳಿಯಾಗಿದ್ದರೆ ಭಯವಿಲ್ಲ, ಕೆಂಪಗಿದ್ದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಕರಗಿ ಬರುತ್ತಿದೆಯೆಂದರ್ಥ, ಆಗ ಊರನ್ನು ಎಬ್ಬಿಸಬೇಕು, ಎಂದು ನನಗೆ ಹೇಳಿದ. ಎಷ್ಟೋ ವರ್ಷಗಳ ಮೇಲೆ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ ಮಿತ್ರರೊಬ್ಬರಿಗೆ ಇದನ್ನು ಹೇಳಿದಾಗ, ಮಣ್ಣಿನ ಅಣೆಕಟ್ಟೆಗಳ ಪರೀಕ್ಷೆಯಲ್ಲಿ ಇಂದಿಗೂ ಮೊದಲ ಪಾಠ ಅದೇ ಎಂದರು.

ಊರಿನವರೆಲ್ಲರ ಪ್ರಾಣವನ್ನು ಕಾಯುತ್ತಿದ್ದ ಆತನನ್ನು ಊರಿನಲ್ಲಿ ಎಳೆಯ ಹುಡುಗರೂ ಏಕವಚನದಲ್ಲೇ ಕರೆಯುತ್ತಿದ್ದರು. ಈಗ ಬರೆಯುವಾಗಲೂ ನನ್ನ ಲೇಖನಿ ಅದೇ ಅಭ್ಯಾಸದಲ್ಲಿ ಓಡುತ್ತಿರುವುದನ್ನು ತಾವು ಗಮನಿಸಿರಬಹುದು. ನಮ್ಮ ಜಗಲಿಯನ್ನು ಅವರು ಹತ್ತುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತು ತಮ್ಮ ಪಾಲಿನ ಮೊರದಷ್ಟು ಕಾಳನ್ನು ಪಡೆಯಬೇಕಾಗಿತ್ತು. ಹಳೆಯ ವ್ಯವಸ್ಥೆಯನ್ನು ಹೊಗಳುವವರು ಈ ಭಾಗವನ್ನು ಬಿಟ್ಟು ಹೊಗಳುತ್ತಾರೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ನೀರಗಂಟಿಯ ಹುದ್ದೆಯೂ ಕಾಗದದ ಮೇಲೆ ಮುಗಿಯಿತು. ಆದದ್ದು ನ್ಯಾಯವೇ. ನಾನು ಕಂಡಾಗ ಅವರು ಹೋಗುತ್ತಿದ್ದುದು ಅಭ್ಯಾಸದಿಂದ, ಯಾವ ಕಾಯಿದೆಯಿಂದಲೂ ಅಲ್ಲ. ಆದರೆ ಹುದ್ದೆಯೊಂದಿಗೆ ಹುದ್ದೆಯ ಕೆಲಸವೂ ಹೋಯಿತು. ಮಳೆ ನಿಂತ ಕೂಡಲೆ ಕಾಲುವೆ, ಕೋಡಿ, ಏರಿ ಮೂರನ್ನೂ ಒಂದೇ ನಡಿಗೆಯಲ್ಲಿ ನೋಡಿಬರುವ ಮನುಷ್ಯ ಸಂಬಳ ಸಾರಿಗೆಯೊಂದಿಗೆ, ಮರ್ಯಾದೆಯೊಂದಿಗೆ, ಬೇರೊಂದು ಹೆಸರಿನಲ್ಲಿ ಮತ್ತೆ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ.

ಇನ್ನು ಗಡಿಯ ಮಾತು. 1892ರ ಫೆಬ್ರವರಿಯಲ್ಲಿ ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಯಿತು. ಕಾವೇರಿಯ ವ್ಯಾಜ್ಯದಿಂದಾಗಿ ಅದರ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರಲ್ಲಿ ನಮ್ಮ ಪಾಲಾರೂ ಸೇರಿತ್ತೆಂಬುದನ್ನು ಬಲ್ಲವರು ಕಡಿಮೆ. ಪಟ್ಟಿಯಲ್ಲಿ ಹೆಸರಿಸಿದ ನದಿಗಳಿಗೆ ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ಹಳೆಯ ಕೆರೆಯ ಕೋಡಿಯನ್ನು ಎತ್ತರಿಸಿದರೆ ಅದು ದುರಸ್ತಿಯೇ, ಹೊಸ ಕೆಲಸವೇ ಎಂಬುದಕ್ಕೂ ಅದರಲ್ಲಿ ವ್ಯಾಖ್ಯೆಯಿತ್ತು: ಮೊದಲಿಗಿಂತ ಹೆಚ್ಚು ನೀರು ನಿಲ್ಲಬಾರದು, ಅಥವಾ ಹೆಚ್ಚು ನೆಲ ನೆನೆಯಬಾರದು. ಮೇಲಿನವನು ನೀರನ್ನು ಹಿಡಿದುಬಿಟ್ಟಾನೆಂಬ ಅನುಮಾನ ಕೆಳಗಿನವನಿಗೆ. ಒಪ್ಪಂದ ಹುಟ್ಟಿದ್ದು ಆ ಅನುಮಾನದಿಂದ.

ಹನ್ನೊಂದು ವರ್ಷಗಳ ಮೇಲೆ ಮೇಲಿನವನು ಹಿಡಿಯಲಾರದೆ ಬಿಟ್ಟ. 1903ರ ನವೆಂಬರಿನಲ್ಲಿ ಕೋಲಾರದ ಮೇಲೆ ಭಾರಿ ಮಳೆ ಸುರಿದು ಪಾಲಾರ್ ಕಣಿವೆಯ ಕೆರೆಗಳು ಒಂದರ ಮೇಲೊಂದು ಒಡೆದುವು. ನೊಳಂಬರ ಕಾಲದಲ್ಲಿ ಒಮ್ಮೆ ಒಡೆದು ದುರಸ್ತಿಯಾಗಿದ್ದ ಬೇತಮಂಗಲದ ಕೆರೆಯೂ ಒಡೆಯಿತು. ಒಡೆದ ನೀರು ಗಡಿ ದಾಟಿತು. ನವೆಂಬರ್ 12ರಂದು ಅದು ಈಗ ತಮಿಳುನಾಡಿಗೆ ಸೇರಿದ ವಾಣಿಯಂಬಾಡಿಯ ಮೇಲೆ ಬಿದ್ದಿತು. ಸುಮಾರು ಇನ್ನೂರು ಮಂದಿ ಸತ್ತರು. ಸತ್ತವರ ನೆನಪಿಗೆ ಆ ಊರಿನಲ್ಲಿ ಒಂದು ಕಂಬ ನಿಂತಿದೆ. ಕೋಲಾರದ ಮಕ್ಕಳಿಗೆ ಅದರ ಸಂಗತಿಯನ್ನು ಯಾವ ಪಾಠಪುಸ್ತಕವೂ ಹೇಳಿದ್ದನ್ನು ನಾನು ಕಾಣೆ. ಸತ್ತವರು ಬೇರೆ ರಾಜ್ಯದವರಾಗಿದ್ದರಲ್ಲ! ಕೆರೆಯ ಚರಿತ್ರೆ ನಮ್ಮ ಕಡೆ ಉಳಿಯಿತು, ಅದರ ಮರಣಗಳು ಅವರ ಕಡೆಗೆ ಹೋದುವು.

ಪೋರುಮಾಮಿಳ್ಳದ ಶಾಸನಕಾರನ ಮೂರನೆಯ ದೋಷದ ಉಳಿದರ್ಧ ಇದು. ಗಡಿಯಲ್ಲಿರುವ ಕೆರೆಗೆ ಶತ್ರುವಿನ ಗುದ್ದಲಿಯ ಭಯ ಎಂದಾದರೊಂದು ದಿನದ ಭಯ. ನೀರಿನ ಹಾದಿಯನ್ನು ತಲೆಯಿಂದ ಕಾಲಿನವರೆಗೆ ಒಬ್ಬನೇ ನಡೆದು ನೋಡುವಂತಿಲ್ಲ ಎಂಬುದು ದಿನದಿನದ ದೋಷ. ಮೇಲಿನವನು ತನ್ನ ಗಡಿಯವರೆಗೆ ನೋಡಿ ಹಿಂದಿರುಗುತ್ತಾನೆ. ಕೆಳಗಿನವನು ತನ್ನ ಗಡಿಯಿಂದ ನೋಡಲು ತೊಡಗುತ್ತಾನೆ. ನೀರು ಮಾತ್ರ ಎಲ್ಲಿಯೂ ನಿಲ್ಲದೆ ಹೋಗುತ್ತದೆ.

1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನನ್ನು ತಂದು ಕೆರೆಗಳನ್ನು ಊರವರ ಕೈಗೆ ಒಪ್ಪಿಸಲು ಯತ್ನಿಸಿತು. ಅದರ ಕಥೆ ಬೇರೆಯೇ ಒಂದು ಭಾಷಣಕ್ಕೆ ವಸ್ತು. ನನ್ನ ಈ ಹದಿನೈದು ನಿಮಿಷಗಳಲ್ಲಿ ಇಂದಿನ ಕಾಲಕ್ಕೆ ಬರಬೇಕು. ಗಡಿಗಳು ಈಗ ಎರಡು ರಾಜ್ಯಗಳವಲ್ಲ, ಇಲಾಖೆಗಳವು. ಕೆರೆ ಒಂದು ಇಲಾಖೆಯದು, ಕಾಲುವೆಯ ನೆಲ ಇನ್ನೊಂದರದು, ಊರೊಳಗಿನ ಮೋರಿ ಮತ್ತೊಂದರದು, ಬಡಾವಣೆಗೆ ಮಂಜೂರಾತಿ ಕೊಡುವ ಕಚೇರಿ ಬೇರೆ.

ನಮ್ಮ ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿಯಿಂದ ಹಿಂದಿರುಗುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕೆ ಇಟ್ಟರೆಂದು ಗ್ಯಾಸೆಟಿಯರು ಹೇಳುತ್ತದೆ. ಹೆಸರು ಬದಲಾದರೂ ನೀರಿನ ಹಾದಿ ಬದಲಾಗಿರಲಿಲ್ಲ. ಅದನ್ನು ಬದಲಾಯಿಸಿದವರು ನಾವು. ನಿವೃತ್ತಿಯ ಹಣದಲ್ಲಿ ಊರಿನ ಅಂಚಿನ ಒಂದು ಬಡಾವಣೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿದೆ. ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಕಂದಾಯದ ರಸೀದಿ, ಯಾವುದೂ ಕಡಿಮೆಯಿರಲಿಲ್ಲ. ಒಬ್ಬ ಅಧಿಕಾರಿ ಬಂದು ಪಾಯವನ್ನು ನೋಡಿಯೂ ಹೋದರು. ಆಗ ಬೇಸಗೆ. ಬೇಸಗೆಯಲ್ಲಿ ಎಲ್ಲ ನೆಲವೂ ಒಂದೇ. ಹಿಂಬದಿಯಲ್ಲಿ ಒಂದು ತಗ್ಗು ಇತ್ತು. ಪಾಯದಿಂದ ತೆಗೆದ ಮಣ್ಣನ್ನು ಮೇಸ್ತ್ರಿ ಅಲ್ಲಿಗೆ ಹಾಕಿಸಿದ, ಅದರ ಮೇಲೆ ಕಾಂಪೌಂಡ್ ಗೋಡೆ ಎದ್ದಿತು. ಚೊಕ್ಕಟವಾಯಿತೆಂದು ನಾನು ಸಂತೋಷಪಟ್ಟೆ.

2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ತುಂಬಿ ಕೋಡಿ ಹರಿದುವು. ಜನ ಕೋಡಿಗೆ ಬಾಗಿನ ಬಿಟ್ಟರು, ಆನಂದಪಟ್ಟರು. ನನ್ನ ಗೋಡೆಯ ಹಿಂದೆ ಮೇಲಿನಿಂದ ಬಂದ ನೀರು ನಿಂತು ಬೆಳೆಯಿತು. ಮೊದಲು ನನ್ನ ಮನೆಗೆ ನುಗ್ಗಿತು. ಆಮೇಲೆ ಗೋಡೆಯ ಪಕ್ಕಕ್ಕೆ ತಿರುಗಿ, ಕೆಳಗಿನ ಓಣಿಯಲ್ಲಿ ಒಂಟಿಯಾಗಿ ವಾಸವಾಗಿದ್ದ ಒಬ್ಬ ವೃದ್ಧೆಯ ಮಣ್ಣಿನ ಮನೆಯ ಹಿಂಗೋಡೆಯನ್ನು ಕೆಡವಿತು. ಆಕೆ ದೇವರ ಗೂಡಿನ ಪಕ್ಕದಲ್ಲಿ ಮಲಗಿದ್ದುದರಿಂದ ಉಳಿದರು. ಕಟ್ಟಿದ್ದ ಎರಡು ಮೇಕೆಗಳು ಉಳಿಯಲಿಲ್ಲ. ಬೆಳಗ್ಗೆ ನಾನು ಹೋದಾಗ ಆಕೆ ಬೈಯಲಿಲ್ಲ. “ಇಲ್ಲಿ ಕಾಲುವೆ ಇತ್ತಲ್ಲಾ ಮೇಷ್ಟ್ರೇ, ನಿಮಗೆ ಯಾರೂ ಹೇಳ್ಲಿಲ್ವಾ?” ಎಂದರು.

ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮೂವತ್ತು ವರ್ಷ ಶಾಸನಗಳ ಸವೆದ ಅಕ್ಷರಗಳನ್ನು ಬಿಡಿಸಿದವನು ನನ್ನದೇ ನೆಲದ ಗ್ರಾಮ ನಕಾಶೆಯನ್ನು ಬಿಡಿಸಿ ನೋಡಿರಲಿಲ್ಲ. ಆ ವಾರ ನೋಡಿದೆ. ಸ್ಪಷ್ಟವಾಗಿತ್ತು: ಎರಡು ಗೆರೆಗಳ ನಡುವೆ ಕಾಲುವೆ, ಪಹಣಿಯಲ್ಲಿ ‘ಬಿ ಖರಾಬು’ ಎಂಬ ಒಕ್ಕಣೆ. ಸಾರ್ವಜನಿಕರ ಹಳ್ಳಕೊಳ್ಳ, ದಾರಿ, ಕೆರೆಗಳಿಗಾಗಿ ಸಾಗುವಳಿಯಿಂದ ಬಿಟ್ಟ ನೆಲಕ್ಕೆ ಕಂದಾಯದವರ ಭಾಷೆ ಅದು. ಖರಾಬು ಎಂದರೆ ಕೆಟ್ಟದ್ದು, ಕೆಲಸಕ್ಕೆ ಬಾರದ್ದು. ನೀರಿಗೆ ಬಿಟ್ಟ ನೆಲಕ್ಕೆ ನಾವು ಇಟ್ಟ ಹೆಸರು!

ಕಾನೂನುಗಳಿಗೆ ಕೊರತೆಯಿಲ್ಲ. ಕೆರೆಗಳ ಸಂರಕ್ಷಣೆಗೆಂದು ಕರ್ನಾಟಕ 2014ರಲ್ಲಿ ಮಾಡಿದ ಕಾಯಿದೆಯ ದೃಷ್ಟಿಯಲ್ಲಿ ಕೆರೆಯೆಂದರೆ ಬರಿಯ ನೀರಲ್ಲ. ನೀರು ತರುವ ಕಾಲುವೆ, ಏರಿ, ತೂಬು, ಕೋಡಿಗಳೂ ಸೇರಿ ಕೆರೆ. ಬೆಂಗಳೂರಿನಲ್ಲಿ ರಾಜಕಾಲುವೆಯಿಂದ ಎಷ್ಟು ದೂರ ಬಿಟ್ಟು ಕಟ್ಟಡ ಕಟ್ಟಬೇಕೆಂಬುದರ ಬಗೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕಾಲುವೆಯ ದರ್ಜೆಗೆ ತಕ್ಕಂತೆ 50, 35, 25 ಮೀಟರುಗಳೆಂದು, ಅಂಚಿನಿಂದ ಅಳೆಯಬೇಕೆಂದು ವಿಧಿಸಿತು. ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ಅದನ್ನು ತಳ್ಳಿಹಾಕಿದುದರಿಂದ ನಗರಯೋಜನೆಯ ಹಳೆಯ ಅಳತೆ, ಕಾಲುವೆಯ ನಡುವಿನಿಂದ 50, 25, 15 ಮೀಟರು, ಉಳಿಯಿತು. ಅಂಚಿನಿಂದಲೋ ನಡುವಿನಿಂದಲೋ ಎಂಬ ವಾದ ದೊಡ್ಡದೇ. ಮಣ್ಣು ತುಂಬಿ ಕಾಲುವೆಯೇ ಮಾಯವಾದ ಕಡೆ ಯಾವ ಅಂಚು, ಯಾವ ನಡು? ಇಪ್ಪತ್ತು ಸಾವಿರ ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ 2006ರ ಅಧಿಸೂಚನೆಯಂತೆ ಪರಿಸರದ ಅನುಮತಿ ಬೇಕು. ನನ್ನಂಥವನ ಮನೆ ಅದರಲ್ಲಿ ಒಂದು ಮೂಲೆಗೂ ಸಾಲದು. ಆದರೆ ಒಂದು ಕಾಲುವೆಯನ್ನು ಮುಚ್ಚಲು ನನ್ನ ಪಾಯದ ಮಣ್ಣೇ ಸಾಕಾಯಿತು.

ಅಮೆರಿಕದಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಣೆ ನೋಡುವ ನನ್ನ ಹಳೆಯ ಶಿಷ್ಯನೊಬ್ಬ ಊರಿಗೆ ಬಂದಾಗ ಇದನ್ನೆಲ್ಲ ಕೇಳಿದ. ಅಲ್ಲಿ 1987ರಲ್ಲಿ ಕಾನೂನನ್ನು ತಿದ್ದಿ ಮಳೆನೀರನ್ನೂ ಅದರ ಅಡಿಗೆ ತಂದರಂತೆ. 1990ರ ನಿಯಮ ಐದು ಎಕರೆಗಿಂತ ದೊಡ್ಡ ಕಟ್ಟಡ ಕೆಲಸಗಳಿಗೆ ಅನ್ವಯಿಸುತ್ತಿತ್ತು, ಆಮೇಲೆ ಅದನ್ನು ಒಂದು ಎಕರೆಗೆ ಇಳಿಸಿದರು. ಅಗೆದ ಮಣ್ಣು ಮಳೆಯಲ್ಲಿ ಕೊಚ್ಚಿಹೋಗದಂತೆ ಅಡ್ಡ ಕಟ್ಟಬೇಕು, ವಾರಕ್ಕೊಮ್ಮೆ ನೋಡಬೇಕು, ಇಲ್ಲವೇ ಎರಡು ವಾರಕ್ಕೊಮ್ಮೆ, ಜೊತೆಗೆ ಕಾಲು ಅಂಗುಲ ಮಳೆಯಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹೋಗಿ ನೋಡಿ ಬರೆದಿಡಬೇಕು. “ಎಲ್ಲರೂ ನೆಟ್ಟಗೆ ಮಾಡ್ತಾರೆ ಅಂತ ತಿಳ್ಕೋಬೇಡಿ ಸಾರ್, ಕೂತಲ್ಲೇ ಬರೆಯೋರೂ ಇದ್ದಾರೆ” ಎಂದು ನಕ್ಕ. ಇರಬಹುದು. ನನ್ನ ಮನಸ್ಸಿನಲ್ಲಿ ನಿಂತದ್ದು ಕಾಲು ಅಂಗುಲದ ಮಾತು. ಯಾವಾಗ ನೋಡಬೇಕೆಂಬುದನ್ನು ಅಲ್ಲಿ ಪಂಚಾಂಗದೊಂದಿಗೆ ಮಳೆಯೂ ಗೊತ್ತುಮಾಡುತ್ತದೆ. ನನ್ನ ಪಾಯವನ್ನು ನೋಡಲು ಬಂದವರು ಬೇಸಗೆಯಲ್ಲಿ ಬಂದಿದ್ದರು; ನಮ್ಮ ನೀರಗಂಟಿಯವರು ಮಳೆ ನಿಂತ ರಾತ್ರಿ ಹೊರಡುತ್ತಿದ್ದರು.

ಯಾರ ಅಪ್ಪಣೆಗೂ ಕಾಯದೆ ನಾನು ಗೋಡೆಯನ್ನು ಒಂಬತ್ತು ಅಡಿ ಒಡೆಸಿ, ತುಂಬಿದ ಮಣ್ಣನ್ನು ಹಳೆಯ ತಗ್ಗು ಕಾಣುವವರೆಗೆ ತೆಗೆಸಿ, ಕಲ್ಲಿನ ಮೋರಿ ಕಟ್ಟಿಸಿದೆ. ವೃದ್ಧೆಯ ಹಿಂಗೋಡೆಯನ್ನೂ ಕಟ್ಟಿಸಿಕೊಟ್ಟೆ. ಮೇಕೆಗಳ ಹಣವನ್ನು ಆಕೆ ತೆಗೆದುಕೊಳ್ಳಲು ಒಪ್ಪಿದ್ದು ಮೂರನೆಯ ಸಲ ಕೇಳಿದಾಗ. ನನ್ನ ನಿವೇಶನದ ಮೇಲೆಯೂ ಕೆಳಗೂ ಕಾಲುವೆ ಇನ್ನೂ ಮುಚ್ಚಿಯೇ ಇದೆ. ಗ್ರಾಮ ನಕಾಶೆಯ ನಕಲನ್ನು ಲಗತ್ತಿಸಿ ಕಚೇರಿಗಳಿಗೆ ನಾಲ್ಕು ಅರ್ಜಿಗಳನ್ನು ಬರೆದೆ. ಒಂದಕ್ಕೆ, ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರ ಬಂದಿದೆ.

ಈಗ ಜೋರು ಮಳೆ ನಿಂತ ಕೂಡಲೆ ಟಾರ್ಚು ಹಿಡಿದು ಮೋರಿಯವರೆಗೆ ಹೋಗಿ ಬರುತ್ತೇನೆ. ಕಳೆದ ಸಲ ಅದರ ಬಾಯಿಗೆ ಒದ್ದೆಯಾದ ಸಿಮೆಂಟು ಚೀಲಗಳೂ ಹೊಸ ಕೆಮ್ಮಣ್ಣೂ ಅಡ್ಡ ಬಿದ್ದಿದ್ದುವು. ಮೇಲಿನ ನಿವೇಶನದಲ್ಲಿ ಮನೆ ಏಳುತ್ತಿದೆ. ಎಳೆದುಹಾಕುತ್ತಿದ್ದಾಗ ಕೆಳಗಿನ ಓಣಿಯಿಂದಲೂ ಒಂದು ಬೆಳಕು ಬಂದಿತು. ಆ ವೃದ್ಧೆ. “ನೀರು ಕೆಂಪಗಿದೆಯಾ ಮೇಷ್ಟ್ರೇ?” ಎಂದು ಕೇಳಿದರು. ಕೆಂಪಗಿದೆಯಮ್ಮಾ, ಎಂದೆ.